ಒಂದೇ ಲೈಸೆನ್ಸಿನ ಮಳೆಗಾಲ

ಕಳೆದ ತಿಂಗಳು ಪಕ್ಕದ ಫ್ಲ್ಯಾಟಿನ ಸುಮನ್ ಮಾವಶಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ರಿಕ್ಷಾ ಹಿಡಿದು ಕರೆದುಕೊಂಡು ಹೋದವಳು ನಾನು. ಮುಂಬಯಿಯ ನಮ್ಮ ಬೊರಿವಲಿಯಲ್ಲೇ ಎರಡು ನರ್ಸಿಂಗ್ ಹೋಮ್ ಇವೆ, ಆದರೆ ಮಾವಶಿ ಸರ್ಕಾರಿ ದವಾಖಾನೆಯೇ ಆಗಬೇಕೆಂದರು. ನಾನು ಅಲ್ಲಿ ಕೆಲಸ ಮಾಡಿದವಳು, ಯಾರಾದರೂ ಗುರುತಿನವರು ಸಿಗುತ್ತಾರೆ ಎಂದು ಅವರ ನಂಬಿಕೆ. ಕಾಂದಿವಲಿಗೂ ಮಲಾಡಿಗೂ ನಡುವೆ ಇರುವ ಆ ಆಸ್ಪತ್ರೆಯನ್ನು ನಾನು ಬಿಟ್ಟು ಮೂವತ್ತು ವರ್ಷ ದಾಟಿದೆ. ಗುರುತಿನವರು ಯಾರೂ ಸಿಗಲಿಲ್ಲ.

ಎಕ್ಸ್‌ರೇಗೆ ಚೀಟಿ ಕೊಟ್ಟು ಬೆಂಚಿನ ಮೇಲೆ ಕೂತಿದ್ದಾಗ ಒಂದು ವಾಸನೆ ಬಂತು. ಸುಟ್ಟ ವಾಸನೆ, ಆದರೆ ಸ್ವಲ್ಪ ಸಿಹಿ. ತಿರುಗಿ ನೋಡಿದೆ. ಮೂಲೆಯ ಮೇಜಿನ ಹತ್ತಿರ ಒಬ್ಬ ಪೊಲೀಸ್ ಪೇದೆ ನಿಂತಿದ್ದ. ವಾರ್ಡಿನವನೊಬ್ಬ ಮೇಣದಬತ್ತಿಯ ಉರಿಗೆ ಅರಗಿನ ಕಡ್ಡಿ ಹಿಡಿದು, ರಕ್ತದ ಸ್ಯಾಂಪಲ್ ಬಾಟಲಿಯ ಬಾಯಿಗೆ ತೊಟ್ಟಿಕ್ಕಿಸಿ, ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದ. ಕೋರ್ಟಿಗೆ ಹೋಗುವ ಸ್ಯಾಂಪಲ್‌ಗಳಿಗೆ ಈಗಲೂ ಹೀಗೇ ಮಾಡುತ್ತಾರೆ. ನನ್ನ ಬಲಗೈಯ ತೋರುಬೆರಳು ತಾನಾಗಿಯೇ ಮಡಚಿಕೊಂಡು ಹೆಬ್ಬೆರಳಿನ ಅಡಿಗೆ ಹೋಯಿತು.

ಮನೆಗೆ ಬಂದು ತೊಂಬತ್ತೊಂದರ ಡೈರಿ ತೆಗೆದೆ. ಹದಿನೆಂಟನೇ ವಯಸ್ಸಿನಿಂದ ಡೈರಿ ಬರೆಯುತ್ತಿದ್ದೇನೆ. ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಮಾತಾಡುತ್ತದೆ. ಡೈರಿ ಹಾಗಲ್ಲ ಎಂದು ಬಹಳ ವರ್ಷ ತಿಳಿದಿದ್ದೆ. ಈಗ ಓದಿದರೆ ಅದೂ ಹಾಗೆಯೇ. ಬರೆದದ್ದು ಸುಳ್ಳಲ್ಲ, ಆದರೆ ಬರೆಯದೆ ಬಿಟ್ಟದ್ದನ್ನು ನೋಡಿದರೆ ಬರೆದವಳು ಯಾರನ್ನು ಕಾಪಾಡುತ್ತಿದ್ದಳು ಎಂದು ತಿಳಿಯುತ್ತದೆ. ಆದ್ದರಿಂದ ಇಲ್ಲಿ ಡೈರಿಯಲ್ಲಿರುವುದನ್ನೂ ನೆನಪಿನಲ್ಲಿರುವುದನ್ನೂ ಆದಷ್ಟು ಬೇರೆ ಬೇರೆಯಾಗಿ ಹೇಳಲು ನೋಡುತ್ತೇನೆ.

ಆಗ ನನಗೆ ಇಪ್ಪತ್ತೇಳು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ಬೊರಿವಲಿಯಿಂದ ದಿನಾ ಲೋಕಲ್ ಹತ್ತುತ್ತಿದ್ದೆ. ಆಸ್ಪತ್ರೆಯಲ್ಲಿ ನನ್ನ ಹುದ್ದೆ ಅಂಕಿಅಂಶ ಸಹಾಯಕಿ. ಎಷ್ಟು ಹೆರಿಗೆ, ಎಷ್ಟು ಸಾವು, ಎಷ್ಟು ನಾಯಿ ಕಚ್ಚಿದ್ದು ಎಂದು ತಿಂಗಳಿಗೊಮ್ಮೆ ಬರೆದು ಕಳಿಸುವ ಕೆಲಸ. ಆ ವರ್ಷದ ಆರಂಭದಲ್ಲಿ ಮೂರು ಕಂಪ್ಯೂಟರ್ ಬಂದವು. ಔಷಧಿಯ ಮುಖ್ಯ ಸ್ಟೋರಿಗೆ ಒಂದು, ಹೊರರೋಗಿಗಳ ಔಷಧಿ ಕಿಟಕಿಗೆ ಒಂದು, ವಾರ್ಡುಗಳಿಗೆ ಔಷಧಿ ಕೊಡುವ ಕೋಣೆಗೆ ಒಂದು. ಕಂಪ್ಯೂಟರ್ ಮುಟ್ಟಿ ಗೊತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಅವುಗಳ ಒಳಗೆ ಹಾಕುವ ಪ್ರೋಗ್ರಾಮ್ ಕೊಳ್ಳುವ ಕೆಲಸವೂ ನನಗೇ ಬಂತು.

ಸ್ಟೋರ್‌ಕೀಪರ್ ನಂಜುಂಡಯ್ಯನವರು. ಚಾಮರಾಜನಗರದ ಕಡೆಯವರು, ಮಲಾಡಿನ ಒಂದು ಚಾಳಿನಲ್ಲಿ ಮನೆ. ಬಿಳಿ ಶರ್ಟು, ಜೇಬಿನಲ್ಲಿ ಕಪ್ಪು ಪೆನ್ನು ಒಂದು, ಕೆಂಪು ಪೆನ್ನು ಒಂದು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ನನ್ನ ಧಾರವಾಡದ ಮಾತು ಕೇಳಿದರೆ ಅವರಿಗೆ ನಗು.

"ವಿಜಯಮ್ಮ, ನೀವು ಮಾತಾಡಿದ್ರೆ ಬೈತಾ ಇದೀರೋ ಪ್ರೀತಿ ಮಾಡ್ತಾ ಇದೀರೋ ಗೊತ್ತಾಗಲ್ಲ ಕಣಮ್ಮ."

"ಎರಡೂ ಒಂದ ರೀ ನಂಜುಂಡಯ್ಯಾವ್ರ. ನೀವು ಮಾತಾಡಿದ್ರ ನಿದ್ದಿ ಬರತದ, ಅದಕ್ಕಿಂತ ಛಲೋ."

ಅವರಿಗೆ ಒಂದೇ ಒಂದು ಆಸೆ ಇತ್ತು, ಅದನ್ನು ಎಲ್ಲರಿಗೂ ಹೇಳುತ್ತಿದ್ದರು. ಸರ್ಕಾರಿ ನೌಕರನ ಸರ್ವಿಸ್ ಬುಕ್ಕಿನಲ್ಲಿ ತಪ್ಪು, ದಂಡನೆ ಏನಿದ್ದರೂ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಅವರ ತಂದೆ ಊರಿನ ಶಾನುಭೋಗರಾಗಿದ್ದಾಗ ಯಾರೋ ಮಾಡಿದ್ದಕ್ಕೆ ಸಸ್ಪೆಂಡ್ ಆಗಿ, ಮತ್ತೆ ತಲೆ ಎತ್ತಿ ಬೀದಿಯಲ್ಲಿ ನಡೆಯಲಿಲ್ಲವಂತೆ. ಆ ಊರು ಬಿಟ್ಟೇ ಇವರು ಮುಂಬಯಿಗೆ ಬಂದದ್ದು. ಒಂದು ದಿನ ಆಫೀಸಿನಿಂದ ಸರ್ವಿಸ್ ಬುಕ್ ಸಹಿಗೆಂದು ಬಂದಾಗ ನನಗೆ ಪುಟ ಪುಟ ತಿರುಗಿಸಿ ತೋರಿಸಿದರು.

"ನೋಡ್ಕೊಳಿ. ಮೂವತ್ತಮೂರು ವರ್ಷ. ಎಲ್ಲಾದ್ರೂ ಒಂದು ಕೆಂಪು ಅಕ್ಷರ ಇದ್ಯಾ? ಹಿಂಗೇ ಮುಚ್ಚಿ ವಾಪಸ್ ಕೊಟ್ಟುಬಿಟ್ರೆ ಸಾಕು. ಇನ್ನೇನೂ ಬೇಡ ನಂಗೆ."

ಇದು ಡೈರಿಯಲ್ಲಿ ಇದೆ. ಫೆಬ್ರವರಿಯಲ್ಲಿ. 'ಎಷ್ಟು ಸಣ್ಣ ಆಸೆ!' ಎಂದು ಕೆಳಗೆ ಬರೆದಿದ್ದೇನೆ. ಅದರಲ್ಲಿ ಸ್ವಲ್ಪ ತಿರಸ್ಕಾರವೂ ಇತ್ತು.

ಔಷಧಿ ದಾಸ್ತಾನಿನ ಪ್ರೋಗ್ರಾಮ್ ಮಾಡಿಕೊಡುತ್ತಿದ್ದದ್ದು ಅಂಧೇರಿಯ ಒಂದು ಸಣ್ಣ ಕಂಪನಿ. ಯಾವ ಔಷಧಿ ಎಷ್ಟಿದೆ, ಯಾವ ಕೋಣೆಯ ಯಾವ ಕಪಾಟಿನಲ್ಲಿದೆ, ಯಾವುದರ ಅವಧಿ ಯಾವಾಗ ಮುಗಿಯುತ್ತದೆ, ಎಲ್ಲವನ್ನೂ ಹೇಳುವಂಥದ್ದು. ಒಂದು ಕಂಪ್ಯೂಟರಿಗೆ ಒಂದು ಲೈಸೆನ್ಸ್. ಲೈಸೆನ್ಸ್ ಎಂದರೆ ಕಾಗದ ಮಾತ್ರವಲ್ಲ, ಜೊತೆಗೆ ಹಳದಿ ಚೀಟಿ ಅಂಟಿಸಿದ ಒಂದು ಫ್ಲಾಪಿ, ಅಂಗೈಯಗಲದ ತೆಳು ಚೌಕ ಡಿಸ್ಕ್. ಅದನ್ನು ಕೀ ಡಿಸ್ಕ್ ಅನ್ನುತ್ತಿದ್ದರು. ಅದು ಒಳಗಿದ್ದರೆ ಮಾತ್ರ ಪ್ರೋಗ್ರಾಮ್ ತೆರೆಯುತ್ತಿತ್ತು. ಅದನ್ನು ನಕಲು ಮಾಡಲು ಬರುತ್ತಿರಲಿಲ್ಲ. ಪ್ರತಿ ಲೈಸೆನ್ಸಿಗೆ ಎರಡು ಡಿಸ್ಕ್ ಕೊಡುತ್ತಿದ್ದರು, ಒಂದು ಬಳಸಲು, ಒಂದು ಎತ್ತಿಡಲು. ಮೂರು ಬೇಡವಾದರೆ ಇಡೀ ಆಸ್ಪತ್ರೆಗೆ ಸೇರಿ ಒಂದು ದೊಡ್ಡ ಲೈಸೆನ್ಸ್ ಕೊಡುತ್ತೇವೆ, ಎರಡರ ಬೆಲೆಗಿಂತ ಸ್ವಲ್ಪ ಹೆಚ್ಚು ಬೀಳುತ್ತದೆ, ಅದಕ್ಕೆ ಕೀ ಡಿಸ್ಕಿನ ರಗಳೆ ಇಲ್ಲ ಎಂದೂ ಅವರ ಪತ್ರದಲ್ಲಿ ಇತ್ತು. ಅದೇ ಸರಿಯಾದ ದಾರಿಯಾಗಿತ್ತು. ಆಗಲೂ ನನಗೆ ಗೊತ್ತಿತ್ತು ಅನ್ನಿಸುತ್ತದೆ.

ಆದರೆ ನಾನು ಬೇರೆ ಒಂದನ್ನು ಕಂಡುಹಿಡಿದಿದ್ದೆ. ಪ್ರೋಗ್ರಾಮ್ ಕೀ ಡಿಸ್ಕನ್ನು ನೋಡುವುದು ತೆರೆಯುವಾಗ ಮಾತ್ರ. ಒಮ್ಮೆ ತೆರೆದ ಮೇಲೆ ಡಿಸ್ಕ್ ತೆಗೆದರೂ ಅದು ನಡೆಯುತ್ತಲೇ ಇರುತ್ತದೆ. ಹಾಗಾದರೆ ಬೆಳಿಗ್ಗೆ ಒಂದೇ ಡಿಸ್ಕನ್ನು ಮೂರೂ ಕಡೆ ಒಯ್ದು ತೆರೆದುಬಿಟ್ಟರೆ? ಒಂದೇ ಲೈಸೆನ್ಸ್ ಸಾಕಲ್ಲ?

ಟಿಪ್ಪಣಿ ಬರೆದು ಸುಪರಿಂಟೆಂಡೆಂಟ್ ಡಾಕ್ಟರ್ ಪ್ರಧಾನರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ಅರೆ ವಾ, ಮಿಸ್ ಅಂಗಡಿ! ಮೂರರ ಕೆಲಸ ಒಂದರಲ್ಲಿ. ಕಂಪನಿಯವರು ಏನೂ ಅನ್ನೋದಿಲ್ಲವಾ?"

"ಅವರಿಗೆ ಗೊತ್ತಾಗೋದಿಲ್ಲ ಸರ್."

"ಹಾಗಾದ್ರೆ ಈ ಮಾತು ಟಿಪ್ಪಣಿಯಲ್ಲಿ ಬೇಡ. ಒಂದು ಸಾಕು ಅಂತ ಮಾತ್ರ ಬರೀರಿ."

ನಾನು ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ. ಆ ದಿನದ ಡೈರಿ ಉದ್ದವಿದೆ. ಡಾಕ್ಟರ್ ನನ್ನನ್ನು ಹೊಗಳಿದ ಮಾತುಗಳು ಒಂದೂ ಬಿಡದೆ ಇವೆ. ಕದಿಯುತ್ತಿದ್ದೇನೆ ಎಂಬ ಪದ ಎಲ್ಲಿಯೂ ಇಲ್ಲ. ಸರ್ಕಾರಕ್ಕೆ ಉಳಿಸಿದರೆ ಅದು ಕಳ್ಳತನ ಹೇಗಾದೀತು ಎಂದು ನಾವೆಲ್ಲ ತಿಳಿದಿದ್ದ ಕಾಲ.

ಅದೇ ಉತ್ಸಾಹದಲ್ಲಿ ಇನ್ನೊಂದು ಆದೇಶವನ್ನೂ ಮಾಡಿಸಿದೆ. ಕಂಪ್ಯೂಟರಿನಲ್ಲಿ ಎಲ್ಲ ಇರುವಾಗ ಕೈಬರಹದ ದಾಸ್ತಾನು ಪುಸ್ತಕ ಯಾಕೆ, ಡಬಲ್ ಕೆಲಸ, ನಿಲ್ಲಿಸಿ. ನಂಜುಂಡಯ್ಯನವರು ಆದೇಶವನ್ನು ಎರಡು ಸಲ ಓದಿದರು.

"ನಿಲ್ಲಿಸ್ಬೇಕಾ ವಿಜಯಮ್ಮ? ಒಂದು ಆರು ತಿಂಗಳು ಎರಡೂ ಇರ್ಲಿ ಅಂತ..."

"ಎದಕ್ಕರೀ? ನಿಮಗ ಕಂಪ್ಯೂಟರ್ ಮ್ಯಾಲ ನಂಬಿಕಿ ಇಲ್ಲೇನು?"

"ನಿಮ್ಮ ಮೇಲೆ ಇದೆ ಕಣಮ್ಮ," ಎಂದರು.

ಜೂನ್ ಬಂತು. ಆ ಆಸ್ಪತ್ರೆಯ ಕಟ್ಟಡಗಳು ಬೇರೆ ಬೇರೆ. ನಡುವೆ ತೆರೆದ ಅಂಗಳ. ಬೆಳಿಗ್ಗೆ ಒಂಬತ್ತಕ್ಕೆ ನಂಜುಂಡಯ್ಯನವರು ಕೀ ಡಿಸ್ಕನ್ನು ಎಕ್ಸ್‌ರೇ ಫಿಲ್ಮಿನ ಖಾಲಿ ಲಕೋಟೆಗೆ ಹಾಕಿ, ಅದನ್ನು ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯೊಳಗೆ ಎದೆಗೆ ಒತ್ತಿಕೊಂಡು, ಕೊಡೆ ಹಿಡಿದು ಹೊರಡುತ್ತಿದ್ದರು. ಮೊದಲು ಸ್ಟೋರು, ಆಮೇಲೆ ಕಿಟಕಿ, ಆಮೇಲೆ ವಾರ್ಡಿನ ಕೋಣೆ. ಮಳೆಗೆ ಹಳೆಯ ಕಟ್ಟಡದ ಫ್ಯೂಸ್ ಹೋಗುತ್ತಲೇ ಇತ್ತು. ಹೋದಾಗಲೆಲ್ಲ ಪ್ರೋಗ್ರಾಮ್ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ಡಿಸ್ಕ್ ಬೇಕಾಗುತ್ತಿತ್ತು, ಮತ್ತೆ ಅವರು ಅಂಗಳ ದಾಟುತ್ತಿದ್ದರು. ಐವತ್ತೇಳರ ಮನುಷ್ಯ, ದಿನಕ್ಕೆ ಏಳೆಂಟು ಸಲ, ಪ್ಯಾಂಟು ಮಡಚಿಕೊಂಡು.

ಮಕ್ಕಳ ವಾರ್ಡಿನ ಸಿಸ್ಟರ್ ಗ್ರೇಸಿ ಮಂಗಳೂರಿನವರು. ವರಾಂಡದಿಂದ ಕೂಗುತ್ತಿದ್ದರು:

"ಬಂತಾ ಮಾರಾಯ್ರೆ ನಿಮ್ಮ ದೇವರ ಸವಾರಿ? ವಾದ್ಯದವರು ಎಲ್ಲಿ?"

"ನೀವೇ ಇದ್ದೀರಲ್ಲ ಸಿಸ್ಟರ್, ಬೇರೆ ವಾದ್ಯ ಯಾಕೆ?" ಎನ್ನುತ್ತಿದ್ದರು ನಂಜುಂಡಯ್ಯ.

"ಒಂದು ಡಿಸ್ಕಿಗೆ ಇಷ್ಟು ಓಡಾಟ! ಇನ್ನೆರಡು ತಗೊಂಡ್ರೆ ಎಂತ ಗಂಟು ಹೋಗ್ತದೆ?"

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನಾನು. ನಾನು ನಗುತ್ತಿದ್ದೆ.

ಒಂದು ಮಧ್ಯಾಹ್ನ ಡಿಸ್ಕು ಒಂದೇ ಸಲಕ್ಕೆ ತೆರೆಯಲಿಲ್ಲ. ಎರಡನೇ ಸಲಕ್ಕೆ ತೆರೆಯಿತು. ನನಗೆ ಭಯವಾಯಿತು. ಎತ್ತಿಟ್ಟ ಎರಡನೇ ಡಿಸ್ಕು ಅದುವರೆಗೆ ನನ್ನ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು. ಅದನ್ನು ಭದ್ರವಾಗಿಡಬೇಕು ಎಂದುಕೊಂಡು ಸ್ಟೋರಿಗೆ ಒಯ್ದೆ.

ಮುಂದಿನದನ್ನು ಎಚ್ಚರದಿಂದ ಬರೆಯಬೇಕು.

ಸ್ಟೋರಿನಲ್ಲಿ ಒಂದು ಪದ್ಧತಿ ಇತ್ತು. ಮಾರ್ಫಿನ್‌ನಂಥ ಮಾದಕ ಔಷಧಿಗಳ ಕಪಾಟಿನ ಎರಡನೇ ಬೀಗದ ಕೈಯನ್ನು ಖಾಕಿ ಲಕೋಟೆಗೆ ಹಾಕಿ, ಹಿಂಭಾಗದಲ್ಲಿ ಇಬ್ಬರ ಸಹಿ ಮಾಡಿ, ಮೂಲೆಗೊಂದು ಮತ್ತು ನಡುವೆ ಒಂದು, ಒಟ್ಟು ಐದು ಅರಗಿನ ಮುದ್ರೆ ಒತ್ತಿ ಇಡುತ್ತಿದ್ದರು. ಆಸ್ಪತ್ರೆಯಲ್ಲಿ ಅದಕ್ಕಿಂತ ಭದ್ರವಾದದ್ದು ಇರಲಿಲ್ಲ. ಡಿಸ್ಕಿಗೂ ಹಾಗೇ ಮಾಡೋಣ ಎಂದು ಯಾರು ಹೇಳಿದರು? ನನ್ನ ನೆನಪಿನಲ್ಲಿ ನನ್ನದೇ ದನಿ ಇದೆ: "ಕೀಲಿಕೈಗೆ ಹಾಕ್ತೀರಲ್ಲ, ಹಂಗ ಹಾಕಿಬಿಡ್ರಿ, ಇದೂ ಕೀಲಿಕೈನ ಅಲ್ಲೇನು." ಆದರೆ ಈ ಮಾತು ನಾನು ಆಮೇಲೆ ಕಟ್ಟಿಕೊಂಡದ್ದೂ ಇರಬಹುದು. ತಪ್ಪನ್ನು ಪೂರ್ತಿ ತನ್ನದೆಂದು ಹೇಳಿಕೊಳ್ಳುವುದರಲ್ಲೂ ಒಂದು ಹೆಚ್ಚುಗಾರಿಕೆ ಇದೆ, ಅದು ನನಗೆ ಗೊತ್ತು. ಅವರೇ ಹೇಳಿರಬಹುದು. ಇಬ್ಬರೂ ಒಟ್ಟಿಗೆ ಅಂದುಕೊಂಡಿರಬಹುದು.

ಡೈರಿಯಲ್ಲಿ ಆ ದಿನ ಹೀಗಿದೆ: 'ಜೋರು ಮಳೆ. ಲೋಕಲ್ ಮುಕ್ಕಾಲು ಗಂಟೆ ತಡ. ಎರಡನೇ ಡಿಸ್ಕಿನ ವ್ಯವಸ್ಥೆ ಆಯಿತು. ಬೆರಳು ಸುಟ್ಟಿತು, ಸಿಸ್ಟರ್ ಗ್ರೇಸಿ ಮುಲಾಮು ಹಚ್ಚಿದರು.'

ಬೆರಳು ಸುಟ್ಟದ್ದು ಹೇಗೆಂದು ಅಲ್ಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಲಕೋಟೆಯ ಬಾಯಿ ಸರಿಯಾಗಿ ಕೂರುತ್ತಿರಲಿಲ್ಲ. ನಾನು ತೋರುಬೆರಳಿನಿಂದ ಒತ್ತಿ ಹಿಡಿದಿದ್ದೆ. ನಂಜುಂಡಯ್ಯನವರು ನಾಲ್ಕು ಮೂಲೆ ಮುಗಿಸಿ ನಡುವಿನದಕ್ಕೆ ಬಂದರು. ಅರಗು ಕಾಗದದ ಮೇಲೆ ಬಿದ್ದು ಹರಿದು ನನ್ನ ಬೆರಳಿಗೆ ತಾಗಿತು. ಚುರ್ರೆಂದಿತು. ಕೈ ಎಳೆದುಕೊಂಡೆ.

"ಅಯ್ಯಯ್ಯೋ, ಸುಡ್ತಾ ತಾಯಿ?"

"ಸುಡದ ಏನ್ರೀ, ಬೆಂಕಿ ಅಲ್ಲೇನು ಅದು!"

ಇಬ್ಬರೂ ನಕ್ಕೆವು. ಅವರು ಹಿತ್ತಾಳೆಯ ಮುದ್ರೆಯನ್ನು ಅರಗಿನ ಮೇಲಿಟ್ಟು ಎರಡೂ ಕೈಯಿಂದ ಬಲವಾಗಿ ಒತ್ತಿದರು. ಒತ್ತಿದ್ದು ಡಿಸ್ಕಿನ ನಡುವಿಗೇ. ಡಿಸ್ಕಿನ ಹೊದಿಕೆಯ ಮೇಲೆ ಚಿತ್ರ ಸಹಿತ ಅಚ್ಚಾಗಿತ್ತು, ಬಿಸಿಗೆ ಒಡ್ಡಬೇಡಿ, ಬಗ್ಗಿಸಬೇಡಿ ಎಂದು. ನಾನು ಅದನ್ನು ಹಲವು ಸಲ ಓದಿದ್ದೆ. ಬಿಸಿ ಎಷ್ಟೆಂಬುದು ನನ್ನ ಬೆರಳಿಗೆ ಆಗಷ್ಟೇ ಗೊತ್ತಾಗಿತ್ತು. ಆದರೂ ಹೊಳೆಯಲಿಲ್ಲ. ಅಥವಾ ಹೊಳೆದು, ಇಷ್ಟಕ್ಕೆಲ್ಲ ಏನಾಗುತ್ತದೆ ಎಂದುಕೊಂಡೆನೋ. ಇದನ್ನು ಈಗ ಯಾರೂ ನಿರ್ಧರಿಸಲಾರರು, ನಾನೂ.

ಜುಲೈ ಎರಡನೇ ವಾರ ಪೊಯಿಸರ್ ನಾಲೆಯ ನೀರು ಝೋಪಡಿಗಳಿಗೆ ನುಗ್ಗಿತು. ಮೂರೇ ದಿನದಲ್ಲಿ ವಾಂತಿಭೇದಿಯ ಮಕ್ಕಳು ಬರತೊಡಗಿದವು. ಒಂದು ಮಂಚಕ್ಕೆ ಇಬ್ಬರು, ನೆಲದ ಮೇಲೆ ಚಾಪೆ. ಅಂಥದೇ ಒಂದು ಬೆಳಿಗ್ಗೆ ಬಳಸುವ ಡಿಸ್ಕು ನಿಂತುಹೋಯಿತು. ಎಷ್ಟು ಸಲ ಹಾಕಿದರೂ ಅದೇ ಸಾಲು: ಕೀ ಡಿಸ್ಕ್ ಸಿಗಲಿಲ್ಲ. ಅದರ ಹೊದಿಕೆಯೊಳಗೆ ಬೂಷ್ಟು ಹಿಡಿದಿತ್ತು.

ಮೊಹರು ಮಾಡಿದ ಲಕೋಟೆಯನ್ನು ಸುಮ್ಮನೆ ಒಡೆಯುವಂತಿಲ್ಲ, ಪಂಚನಾಮೆ ಆಗಬೇಕು. ಡಾಕ್ಟರ್ ಪ್ರಧಾನ್ ಬಂದರು, ಸಾಕ್ಷಿಗೆ ಸಿಸ್ಟರ್ ಗ್ರೇಸಿ ಬಂದರು. ಐದು ಮುದ್ರೆಗಳೂ ಸರಿ ಇವೆ ಎಂದು ಬರೆದು ಎಲ್ಲರೂ ಸಹಿ ಹಾಕಿದೆವು. ನಂಜುಂಡಯ್ಯನವರು ಬ್ಲೇಡಿನಿಂದ ಲಕೋಟೆ ಕೊಯ್ದು ಡಿಸ್ಕ್ ಹೊರತೆಗೆದರು. ಅದು ನಾಲ್ಕೂ ಮೂಲೆಗೆ ಮೇಲಕ್ಕೆ ಎದ್ದಿತ್ತು. ನಡುವೆ ಮುದ್ರೆಯ ಗುಂಡನೆಯ ಗುರುತು ತಗ್ಗಾಗಿ ಬಿದ್ದಿತ್ತು.

"ಹಪ್ಪಳ ಆಗಿದೆ ಮಾರಾಯ್ರೆ ಇದು," ಎಂದರು ಸಿಸ್ಟರ್ ಗ್ರೇಸಿ. ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲ. "ನಂಗೆ ಸಲೈನ್ ಬೇಕು. ಈಗ ಬೇಕು. ಮಕ್ಕಳ ಅಳತೆಯ ಸೂಜಿ ಬೇಕು. ಎಲ್ಲಿದೆ ಹೇಳಿ, ನಾನೇ ಹೊತ್ತುಕೊಂಡು ಹೋಗ್ತೇನೆ."

ಎಲ್ಲಿದೆ ಎಂಬುದು ಕಂಪ್ಯೂಟರಿನ ಒಳಗಿತ್ತು. ಮೂರು ಗೋದಾಮು ಕೋಣೆ, ನೂರಾರು ಪೆಟ್ಟಿಗೆ, ಒಂದರ ಮೇಲೊಂದು. ಯಾವುದರಲ್ಲಿ ಯಾವುದು, ಯಾವುದರ ಅವಧಿ ಮುಗಿದಿದೆ, ನನಗೆ ಗೊತ್ತಿರಲಿಲ್ಲ. ನಾನು ಆ ಕಪ್ಪು ಪರದೆಯನ್ನು ನೋಡುತ್ತ ನಿಂತಿದ್ದೆ.

ನಂಜುಂಡಯ್ಯನವರು ತಮ್ಮ ಸ್ಟೂಲಿನ ಮೇಲಿನ ದಿಂಬನ್ನು ಎತ್ತಿದರು. ಅಡಿಯಲ್ಲಿ ಉದ್ದನೆಯ ಒಂದು ನೋಟ್‌ಬುಕ್ ಇತ್ತು.

"ಕೋಪ ಮಾಡ್ಕೋಬೇಡಿ ವಿಜಯಮ್ಮ. ಅಭ್ಯಾಸ ಬಿಡೋಕ್ಕಾಗ್ಲಿಲ್ಲ. ಮನೇಗೆ ಹೋಗೋ ಮುಂಚೆ ಒಂದು ಹತ್ತು ನಿಮಿಷ ಬರೀತಿದ್ದೆ, ಅಷ್ಟೇ." ಆಮೇಲೆ ಸಿಸ್ಟರ್ ಕಡೆ ತಿರುಗಿ, "ಎರಡನೇ ಕೋಣೆ, ಎಡಗಡೆ ಗೋಡೆ, ಕೆಳಗಿಂದ ಮೂರನೇ ಸಾಲು. ಮೇಲಿನ ಎರಡು ಪೆಟ್ಟಿಗೆ ಮುಟ್ಟಬೇಡಿ, ಅವು ಮುಗಿದಿವೆ," ಎಂದರು.

ಮುಂದಿನ ಮೂರು ವಾರ, ವಾಂತಿಭೇದಿ ಇಳಿಯುವವರೆಗೆ, ಆಸ್ಪತ್ರೆ ನಡೆದದ್ದು ಆ ನೋಟ್‌ಬುಕ್ಕಿನಿಂದ. ಸಿಸ್ಟರ್ ಗ್ರೇಸಿಯ ವಾರ್ಡಿಗೆ ಒಂದು ದಿನವೂ ಸಲೈನ್ ತಪ್ಪಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಡೈರಿಯಲ್ಲಿ ಇರುವುದು ಹೀಗೆ: 'ಆದೇಶ ಮೀರಿ ಪುಸ್ತಕ ಬರೆದಿದ್ದಾರೆ. ನನಗೊಂದು ಮಾತು ಹೇಳಬಹುದಿತ್ತು.' ಎಂ.ಎಸ್ಸಿ. ಓದಿದವಳಿಗೆ ದಿಂಬಿನ ಅಡಿಯ ನೋಟ್‌ಬುಕ್ಕಿನ ಮೇಲೆ ಹೊಟ್ಟೆಕಿಚ್ಚು. ಇದನ್ನು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು.

ನಾನು ಅಂಧೇರಿಗೆ ಫೋನ್ ಮಾಡಿದ್ದೆ. ಹಾಳಾದ ಡಿಸ್ಕ್ ಹಿಂತಿರುಗಿಸಿದರೆ ಹೊಸದು ಕೊಡುವುದು ಅವರ ನಿಯಮ. ಕಂಪನಿಯ ಇಂಜಿನಿಯರ್ ಒಬ್ಬರು ಬ್ರೀಫ್‌ಕೇಸ್ ತಲೆಯ ಮೇಲೆ ಹಿಡಿದುಕೊಂಡು ಮಳೆಯಲ್ಲಿ ಬಂದರು, ಮಧ್ಯವಯಸ್ಸಿನವರು, ಸೌಮ್ಯ ಮನುಷ್ಯ. ಸ್ಟೋರಿನ ಕಂಪ್ಯೂಟರ್ ನೋಡಿದರು. ಆಮೇಲೆ ಔಷಧಿ ಕಿಟಕಿಯ ಮುಂದೆ ಹಾದು ಹೋಗುವಾಗ ಒಳಗಿನ ಕಂಪ್ಯೂಟರಿನ ಮೇಲೆ ತಮ್ಮ ಪ್ರೋಗ್ರಾಮಿನ ಹೆಸರು ಬರೆದ ಚೀಟಿ ಕಂಡರು. ನಿಂತರು. ಅಂಗಳದ ಆಚೆ ಹೋಗಿ ಮೂರನೆಯದನ್ನೂ ನೋಡಿ ಬಂದರು.

"ಮೇಡಮ್, ಲೈಸೆನ್ಸ್ ಏಕ್. ಮಶೀನ್ ತೀನ್," ಎಂದರು. ದನಿ ಎತ್ತಲಿಲ್ಲ. "ದೊಡ್ಡ ಲೈಸೆನ್ಸ್ ಕೊಡ್ತೀವಿ ಅಂತ ನಾವೇ ಬರೆದಿದ್ವಲ್ಲ. ಕೇಳಿದ್ರೆ ಇನ್ನೂ ಇಳಿಸಿ ಕೊಡ್ತಿದ್ವಿ. ಆಸ್ಪತ್ರೆ ಅಲ್ವಾ."

ಹೊಸ ಡಿಸ್ಕ್ ಕೊಡದೆ ಹೋದರು. ಅವರ ಪತ್ರ ನಮಗೆ ಬರಲಿಲ್ಲ, ನಮ್ಮ ಇಲಾಖೆಯ ಮುಖ್ಯ ಕಚೇರಿಗೆ ಹೋಯಿತು. ಅಲ್ಲಿಂದ ಡಾಕ್ಟರ್ ಪ್ರಧಾನರಿಗೆ ಕಾಗದ ಬಂತು: ಡಿಸ್ಕ್ ಹಾಳಾದದ್ದಕ್ಕೆ ಹೊಣೆ ಯಾರೆಂದು ಗೊತ್ತುಮಾಡಿ ತಿಳಿಸಿ. ಒಂದು ಲೈಸೆನ್ಸನ್ನು ಮೂರು ಕಡೆ ಬಳಸಿದ್ದರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಒಂದು ಸಾಕು ಎಂಬ ನನ್ನ ಟಿಪ್ಪಣಿಗೆ ಮಂಜೂರಾತಿ ಕೊಟ್ಟು ಮುಖ್ಯ ಕಚೇರಿಯವರೂ ಸಹಿ ಹಾಕಿದ್ದರಲ್ಲ.

ವಿಚಾರಣೆ ಆಗಸ್ಟಿನ ಒಂದು ಮಧ್ಯಾಹ್ನ. ಒಳಗೆ ಹೋಗುವ ಮುನ್ನ ಡಾಕ್ಟರ್ ಪ್ರಧಾನ್ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು.

"ಮಿಸ್ ಅಂಗಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ಶುರು ಮಾಡ್ತಿದಾರೆ. ನಿಮ್ಮ ಹೆಸರು ಕಳಿಸಿದೀನಿ."

ಮುಖ್ಯ ಕಚೇರಿಯ ಅಧಿಕಾರಿ ಮೇಜಿನ ಮೇಲೆ ಬಗ್ಗಿದ ಡಿಸ್ಕ್, ಹರಿದ ಲಕೋಟೆ, ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡಿದ್ದರು. ನಂಜುಂಡಯ್ಯನವರು ಎದುರಿಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅಧಿಕಾರಿ ಮೊದಲು ನನ್ನನ್ನು ಕೇಳಿದರು.

"ಮುದ್ರೆ ಒತ್ತಿದವರು ಯಾರು?"

"ಸ್ಟೋರ್‌ಕೀಪರ್."

"ಬಿಸಿ ತಾಗಿಸಬಾರದು ಎಂದು ಡಿಸ್ಕಿನ ಮೇಲೆ ಬರೆದಿದೆಯೇ?"

"ಬರೆದಿದೆ."

"ಕೈಬರಹದ ಪುಸ್ತಕ ನಿಲ್ಲಿಸಲು ಆದೇಶ ಇತ್ತೇ? ಅದನ್ನು ಪಾಲಿಸಿದರೇ?"

"ಇತ್ತು. ಪಾಲಿಸಲಿಲ್ಲ."

ನೀವು ಅಲ್ಲಿದ್ದಿರಾ ಎಂದು ಯಾರೂ ಕೇಳಲಿಲ್ಲ. ಲಕೋಟೆಯ ಮೇಲೆ ನನ್ನ ಸಹಿ ಇತ್ತು. ಅದರ ಮೇಲೆ ಅರಗು ಬಿದ್ದು ಮುಚ್ಚಿಹೋಗಿತ್ತು. ಕೈ ಮಡಿಲಲ್ಲಿತ್ತು. ಬೆರಳಿನ ತುದಿಯಲ್ಲಿ ಚರ್ಮ ಇನ್ನೂ ಗುಲಾಬಿ ಬಣ್ಣಕ್ಕಿತ್ತು.

ಆಮೇಲೆ ಅಧಿಕಾರಿ ನಂಜುಂಡಯ್ಯನವರನ್ನು ಕೇಳಿದರು. "ಹೀಗೆ ಅರಗು ಹಾಕಲು ನಿಮಗೆ ಯಾರಾದರೂ ಹೇಳಿದರೇ?"

ಅವರು ನನ್ನ ಕಡೆ ನೋಡಿದರು. ಕೋಪದಿಂದಲ್ಲ. ಹೇಳುತ್ತಾಳೇನೋ ಎಂದು ಕಾಯುವವರ ಹಾಗೆ. ಎಷ್ಟು ಹೊತ್ತು ಎಂದರೆ, ಫ್ಯಾನಿನ ಗಾಳಿಗೆ ನೋಟ್‌ಬುಕ್ಕಿನ ಎರಡು ಮೂರು ಪುಟ ತಾವಾಗಿಯೇ ತಿರುಗಿದವು. ನಾನು ಆ ಪುಟಗಳನ್ನು ನೋಡುತ್ತಿದ್ದೆ.

"ಯಾರೂ ಹೇಳಲಿಲ್ಲ ಸಾಹೇಬ್ರೆ. ಸ್ಟೋರಿನ ಪದ್ಧತಿ ಅದು," ಎಂದರು ಅವರು.

ನನ್ನನ್ನು ಕಾಪಾಡಿದರೋ, ಮಗಳ ವಯಸ್ಸಿನವಳ ಮೇಲೆ ಹಾಕುವುದು ತಮ್ಮ ಮರ್ಯಾದೆಗೆ ಕಡಿಮೆ ಎಂದುಕೊಂಡರೋ, ಅಥವಾ ನಿಜವಾಗಿಯೂ ಯಾರೂ ಹೇಳಿರಲಿಲ್ಲವೋ. ಮೂರನೆಯದೇ ನಿಜ ಎಂದು ನಾನು ಹಲವು ವರ್ಷ ನಂಬಿಕೊಂಡು ಬದುಕಿದೆ. ಆದರೆ ಅದು ನಿಜವಾದರೂ ಬೆರಳು ನನ್ನದೇ.

ಡೈರಿಯಲ್ಲಿ ಆ ದಿನಕ್ಕೆ ಒಂದೇ ಸಾಲು: 'ಕೇಳಿದ್ದಕ್ಕೆಲ್ಲ ಸತ್ಯ ಹೇಳಿದೆ.'

ಸೆಪ್ಟೆಂಬರಿನಲ್ಲಿ ಅವರ ಸರ್ವಿಸ್ ಬುಕ್ಕಿನಲ್ಲಿ ಬರೆದರು. ನಿರ್ಲಕ್ಷ್ಯದಿಂದ ಸರ್ಕಾರಿ ವಸ್ತುವಿಗೆ ಹಾನಿ, ಎಚ್ಚರಿಕೆ ನೀಡಲಾಗಿದೆ. ಎರಡು ಸಾಲು ಅಷ್ಟೇ. ಸಂಬಳಕ್ಕೂ ಪಿಂಚಣಿಗೂ ಏನೂ ಆಗಲಿಲ್ಲ, ಅದು ಏನೂ ಅಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ಬರೆಯುವ ಗುಮಾಸ್ತನ ಹತ್ತಿರ ಕೆಂಪು ಪೆನ್ನು ಇರಲಿಲ್ಲವಂತೆ. ನಂಜುಂಡಯ್ಯನವರೇ ತಮ್ಮ ಜೇಬಿನದನ್ನು ತೆಗೆದು ಕೊಟ್ಟರೆಂದು ಸಿಸ್ಟರ್ ಗ್ರೇಸಿ ನನಗೆ ಹೇಳಿದರು. ಹೇಳಿದ ಮೇಲೆ, "ನೀವು ಅವತ್ತು ಬೆರಳಿಗೆ ಮುಲಾಮು ಹಚ್ಚಿಸ್ಕೊಳ್ಳಿಕ್ಕೆ ಬಂದಿದ್ರಲ್ಲ, ಅದು ಎಂತದರಿಂದ ಸುಟ್ಟದ್ದು?" ಎಂದು ಕೇಳಿದರು.

"ಚಹಾದಿಂದ," ಎಂದೆ.

ಅವರು ಮತ್ತೆ ನನ್ನ ಜೊತೆ ಕನ್ನಡದಲ್ಲಿ ಮಾತಾಡಲಿಲ್ಲ. ಕೆಲಸವಿದ್ದರೆ ಹಿಂದಿಯಲ್ಲಿ ಹೇಳುತ್ತಿದ್ದರು.

ಜನವರಿಯಲ್ಲಿ ನಂಜುಂಡಯ್ಯನವರು ನಿವೃತ್ತರಾದರು. ಚಾರ್ಜ್ ಒಪ್ಪಿಸುವ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಬ್ಬರ ಸಹಿ ಬೇಕಿತ್ತು. ಹಾಳಾದ ಎರಡು ಡಿಸ್ಕುಗಳನ್ನು ಹೊಸ ಸ್ಟೋರ್‌ಕೀಪರ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಪಟ್ಟಿ ಹಿಡಿದು ಅವರು ನನ್ನ ಮೇಜಿನ ಹತ್ತಿರ ಬಂದರು.

"ಇವೆರಡು ಯಾರೂ ಇಸ್ಕೊಳ್ತಾ ಇಲ್ಲ ವಿಜಯಮ್ಮ. ನೀವು ಒಂದು ಸಹಿ ಹಾಕಿದ್ರೆ ನಾನು ಹೊರಡಬಹುದು."

ಹಾಕಿದೆ. ಅವರು ಸಹಿಯ ಮೇಲೆ ಒತ್ತುಕಾಗದ ಒತ್ತಿ, ಪಟ್ಟಿ ಮಡಚಿ, "ಬರ್ತೀನಿ ತಾಯಿ," ಎಂದರು. ನಾನು ಏನಾದರೂ ಹೇಳಬೇಕಿತ್ತು. ಅವರ ಬಸ್ಸಿಗೆ ತಡವಾಗುತ್ತದೆ ಎಂದುಕೊಂಡೆ. ಮಾರ್ಚಿನಲ್ಲಿ ನಾನು ಮುಖ್ಯ ಕಚೇರಿಗೆ ಹೋದೆ. ಮುಂದೆ ಇಪ್ಪತ್ತೈದು ವರ್ಷ ಹಲವು ಆಸ್ಪತ್ರೆಗಳಿಗೆ ಲೈಸೆನ್ಸ್ ಕೊಂಡೆ, ಎಲ್ಲವನ್ನೂ ನಿಯಮದ ಪ್ರಕಾರ, ಎಲ್ಲರನ್ನೂ ಸೇರಿಸಿ ಒಟ್ಟಿಗೆ, ಚೌಕಾಸಿ ಮಾಡಿ. ಕಡಿಮೆ ಬೆಲೆಗೆ ಸರಿಯಾಗಿ ಕೊಳ್ಳುವುದು ಹೇಗೆಂದು ತರಬೇತಿಗಳಲ್ಲಿ ಪಾಠವನ್ನೂ ಮಾಡಿದೆ. ಯಾವ ಪಾಠದಲ್ಲೂ ಈ ಆಸ್ಪತ್ರೆಯ ಹೆಸರು ಬರಲಿಲ್ಲ. ನಂಜುಂಡಯ್ಯನವರು ಮಲಾಡಿನಲ್ಲೇ ತೀರಿಕೊಂಡರೆಂದು ಯಾರಿಂದಲೋ ಕೇಳಿದೆ, ಬಹಳ ತಡವಾಗಿ.

ಕಳೆದ ತಿಂಗಳ ಆ ದಿನ ಎಕ್ಸ್‌ರೇಗೆ ಮಾವಶಿಯ ಸರದಿ ಬರಲು ಇನ್ನೂ ಹೊತ್ತಿತ್ತು. ಅರಗಿನ ವಾಸನೆಯಿಂದ ದೂರ ಹೋಗಲು ಎದ್ದವಳು ಅಂಗಳ ದಾಟಿ ಸ್ಟೋರಿನ ಬಾಗಿಲಿಗೆ ಬಂದಿದ್ದೆ. ಒಳಗೆ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಪರದೆಯ ಮೂಲೆಯಲ್ಲಿ ಲೈಸೆನ್ಸ್ ಇನ್ನು ಹದಿನಾಲ್ಕು ದಿನಕ್ಕೆ ಮುಗಿಯುತ್ತದೆ ಎಂದು ಮಿನುಗುತ್ತಿತ್ತು. ಹಿಂದೆ ಇಲ್ಲಿ ಕೆಲಸ ಮಾಡಿದ್ದೆ, ನೋಡಿ ಹೋಗೋಣ ಅಂತ ಬಂದೆ ಎಂದೆ. ನನ್ನ ಹಿಂದಿಯಲ್ಲಿ ಕನ್ನಡದ ರಾಗ ಕೇಳಿ ಅವಳು ನಕ್ಕಳು. ಅವಳ ಅಪ್ಪ ವಿಜಯಪುರದವರಂತೆ, ಮಲಾಡಿನಲ್ಲಿ ಬಟ್ಟೆ ಅಂಗಡಿ.

"ಆಂಟಿ, ನಂಗ ಕನ್ನಡ ಪೂರಾ ಸಮಝ್ ಆಗ್ತದ. ಮಾತಾಡ್ಲಿಕ್ಕೆ ಥೋಡಾ ಗಡಬಡ." ಕುರ್ಚಿ ಕೊಟ್ಟಳು. "ನೀವು ಹಳೆಯವರು, ಒಂದು ಬಾತ್ ಕೇಳ್ಲಾ? ಯಾರಿಗೂ ಮಾಲೂಮ್ ಇಲ್ಲ."

ಹಾಳಾದ, ಬಳಕೆಯಲ್ಲಿಲ್ಲದ ವಸ್ತುಗಳ ರಿಜಿಸ್ಟರ್ ತೆಗೆದಳು. ಹಳೆಯದು ತುಂಬಿದಾಗ ಉಳಿದ ವಸ್ತುಗಳನ್ನೆಲ್ಲ ಹೊಸದಕ್ಕೆ ನಕಲು ಮಾಡುತ್ತಾರೆ. ನಾಲ್ಕನೇ ಪುಟದಲ್ಲಿ ಬೆರಳಿಟ್ಟಳು. ಕೀ ಡಿಸ್ಕ್, ಎರಡು, ನಿರುಪಯುಕ್ತ. ವಶದಲ್ಲಿರುವುದು: ಕುಮಾರಿ ವಿಜಯಾ ಅಂಗಡಿ.

"ರದ್ದು ಮಾಡ್ರಿ ಅಂದ್ರ ಕಮಿಟಿ ಹೇಳ್ತದ, ವಸ್ತು ತೋರ್ಸು, ಇಲ್ಲಾ ಈ ಮೇಡಮ್‌ದು ಸಹಿ ತಗೊಂಡು ಬಾ. ವಸ್ತು ಇಲ್ಲ. ಮೇಡಮ್ ಎಲ್ಲಿ? ಜಿಂದಾ ಇದ್ದಾರೋ ಇಲ್ಲೋ. ಎಲ್ಲಾರೂ ಸುಮ್ನೆ ಕಾಪಿ ಮಾಡ್ತಾ ಬಂದಾರ. ಒಂದು ಸಹಿ ಸಿಕ್ಕರೆ ಖತಮ್." ನನ್ನ ಮುಖ ನೋಡಿದಳು. "ಯಾರಿವರು, ನಿಮಗ ಗೊತ್ತಾ?"

ಯಾರದೋ ದುಂಡನೆಯ, ಚೆಂದದ ಅಕ್ಷರ. ಕಪ್ಪು ಶಾಯಿ. ಆ ಪುಟದಲ್ಲಿ ಎಲ್ಲಿಯೂ ಕೆಂಪು ಇರಲಿಲ್ಲ. ಒಂದು ಸಹಿ ಹಾಕಿದರೆ ಈ ಕಪ್ಪೂ ಇರುವುದಿಲ್ಲ.

"ಇಲ್ಲಮ್ಮ, ಗೊತ್ತಿಲ್ಲ," ಎಂದೆ.

ಮಾವಶಿಯ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದೆವು. ಹೆಸರು ಅಲ್ಲಿ ಉಳಿಯಲಿ ಎಂದು ಹಾಗೆ ಹೇಳಿದೆನೋ, ಅಥವಾ ಈ ಸಲವೂ ಬಾಯಿ ಬರಲಿಲ್ಲವೋ, ಖಚಿತವಿಲ್ಲ. ಡೈರಿಯಲ್ಲಿ ಮಾತ್ರ ಆ ದಿನಕ್ಕೆ ಒಂದೇ ಸಾಲು ಬರೆದಿದ್ದೇನೆ: 'ಕೇಳಿದರು. ಸುಳ್ಳು ಹೇಳಿದೆ.'